ಕಾಲೇಜು ಫೀಸಿಗೆ ನೆರವು: ವಿದ್ಯಾರ್ಥಿವೇತನ, ಹಾಸ್ಟೆಲ್, ಶಿಕ್ಷಣ ಸಾಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿಸಿ ಡಿಗ್ರಿ, ಡಿಪ್ಲೊಮಾ, ಎಂಜಿನಿಯರಿಂಗ್, ನರ್ಸಿಂಗ್ ಎಂದು ಸೇರುವ ಮಕ್ಕಳು, ಅವರ ಮನೆಯವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ವಿದ್ಯಾರ್ಥಿವೇತನದ ಕೆಲಸವೂ ನನ್ನ ಪಾಲಿಗಿದೆ. ಅರ್ಹತೆ ಇಲ್ಲದೆ ನೆರವು ಸಿಗದವರಿಗಿಂತ, ಎಲ್ಲ ಅರ್ಹತೆ ಇದ್ದೂ ಒಂದು ಕಾಗದ, ಒಂದು ಅಕ್ಷರ, ಒಂದು ತಾರೀಖಿನ ಕಾರಣಕ್ಕೆ ಕೈತಪ್ಪಿಸಿಕೊಂಡವರನ್ನೇ ನಾನು ಹೆಚ್ಚು ನೋಡಿರುವುದು. ಅದಕ್ಕೇ ಯೋಜನೆಗಳ ಹೆಸರಿಗಿಂತ ಕಾಗದಪತ್ರದ ಕೆಲಸಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ. ಮೊತ್ತ, ಆದಾಯ ಮಿತಿ, ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನೀವು ಅರ್ಜಿ ಹಾಕುವ ವರ್ಷದ ಸೂಚನೆಯನ್ನು ಒಮ್ಮೆ ಓದಿಕೊಂಡೇ ಮುಂದುವರಿಯಿರಿ.

ಮೇಡಂ, ಸೆಕೆಂಡ್ ಪಿಯುಸಿ ರಿಸಲ್ಟ್ ಬಂತು. ಈಗ ಮೊದಲು ಏನು ಮಾಡಬೇಕು?

ನಿಜ ಹೇಳಬೇಕೆಂದರೆ ರಿಸಲ್ಟ್‌ಗೆ ಕಾಯಬೇಕಾಗಿಯೇ ಇಲ್ಲ. ಪರೀಕ್ಷೆ ಮುಗಿದ ವಾರದಲ್ಲೇ ನಾಡಕಚೇರಿಗೆ ಹೋಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಸರಿಯಾಗಿದೆಯೇ ನೋಡಿಕೊಳ್ಳಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಸ್ಸು. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದರೆ ಅದು ಡಿಗ್ರಿಗೆ ಸೇರುವ ಹೊತ್ತಿಗೆ ಮುಗಿದಿರುತ್ತದೆ, ಇಲ್ಲವೇ ಮೊದಲ ವರ್ಷದ ನಡುವೆ ಮುಗಿಯುತ್ತದೆ. ಜೂನ್, ಜುಲೈನಲ್ಲಿ ತಾಲ್ಲೂಕಿನ ಮಕ್ಕಳೆಲ್ಲ ಒಟ್ಟಿಗೆ ನುಗ್ಗುತ್ತಾರೆ. ಸರ್ವರ್ ನಿಲ್ಲುತ್ತದೆ, ಗ್ರಾಮ ಆಡಳಿತಾಧಿಕಾರಿ ಕೈಗೆ ಸಿಗುವುದಿಲ್ಲ. ಏಪ್ರಿಲ್‌ನಲ್ಲೇ ಹೋದರೆ ನೆಮ್ಮದಿ.

ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು, ಅಪ್ಪನ ಹೆಸರಿನಲ್ಲಿ ಇದ್ದರೆ ಕೆಲಸಕ್ಕೆ ಬರುವುದಿಲ್ಲ. ಅದರ ಮೇಲೆ 'ಆರ್‌ಡಿ' ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಮುಂದೆ ಎಲ್ಲ ಕಡೆ ಕೇಳುವುದು ಆ ಸಂಖ್ಯೆಯನ್ನೇ, ಕಾಗದವನ್ನಲ್ಲ. ಫೋಟೋ ತೆಗೆದು ಮೊಬೈಲ್‌ನಲ್ಲೂ, ಬರೆದು ಡೈರಿಯಲ್ಲೂ ಇಟ್ಟುಕೊಳ್ಳಿ. ಅರ್ಜಿ ಕೊಟ್ಟ ಮೇಲೆ ಕೊಡುವ ಸಕಾಲ ರಸೀದಿಯನ್ನೂ ಎಸೆಯಬೇಡಿ. ತಡವಾದರೆ ಮೇಲಿನವರನ್ನು ಕೇಳಲು ನಿಮಗಿರುವ ಆಧಾರ ಅದೊಂದೇ.

ಎರಡನೆಯ ಕೆಲಸ ಆಧಾರ್. ಅದರಲ್ಲಿರುವ ಮೊಬೈಲ್ ನಂಬರ್ ಈಗ ಚಾಲ್ತಿಯಲ್ಲಿದೆಯೇ? ಅಣ್ಣನ ಹಳೆಯ ಸಿಮ್‌ಗೆ ಜೋಡಿಸಿ, ಆ ಸಿಮ್ ಎಂದೋ ನಿಂತುಹೋಗಿ, ಓಟಿಪಿ ಬಾರದೆ ಕೊನೆಯ ದಿನ ಪರದಾಡುವ ಮಕ್ಕಳು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಬೆರಳಚ್ಚು, ಫೋಟೋ ಚಿಕ್ಕಂದಿನದಾಗಿದ್ದರೆ ಅದನ್ನೂ ಈಗಲೇ ನವೀಕರಿಸಿ.

ಮೂರನೆಯದು ಬ್ಯಾಂಕ್ ಖಾತೆ. ಅದರ ಬಗ್ಗೆ ಕೆಳಗೆ ಬೇರೆಯಾಗಿ ಬರೆದಿದ್ದೇನೆ, ದಯವಿಟ್ಟು ಬಿಡದೆ ಓದಿ.

ಎಸ್‌ಎಸ್‌ಪಿ, ಎನ್‌ಎಸ್‌ಪಿ ಎರಡೂ ಒಂದೇನಾ?

ಅಲ್ಲ. ಎಸ್‌ಎಸ್‌ಪಿ ಕರ್ನಾಟಕ ಸರ್ಕಾರದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಹೀಗೆ ಹಲವು ಇಲಾಖೆಗಳ ಮೆಟ್ರಿಕ್ (ಅಂದರೆ ಎಸ್‌ಎಸ್‌ಎಲ್‌ಸಿ) ನಂತರದ ನೆರವಿಗೆ ಅಲ್ಲಿ ಒಂದೇ ಅರ್ಜಿ. ಎನ್‌ಎಸ್‌ಪಿ ಕೇಂದ್ರ ಸರ್ಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಲ್ಲಿಯ ಯೋಜನೆಗಳೇ ಬೇರೆ. ಒಂದರಲ್ಲಿ ಹಾಕಿದ ಅರ್ಜಿ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ನಮ್ಮ ರಾಜ್ಯದ ಹೆಚ್ಚಿನ ಮಕ್ಕಳಿಗೆ ಮೊದಲ ಬಾಗಿಲು ಎಸ್‌ಎಸ್‌ಪಿಯೇ.

ಎಸ್‌ಎಸ್‌ಪಿ ಅರ್ಜಿ ಹಾಕುವಾಗ ಎಲ್ಲಿ ಎಡವುತ್ತಾರೆ?

ಹೆಸರಿನಲ್ಲಿ. ಬೇರೆ ಯಾವ ಕಾರಣಕ್ಕಿಂತಲೂ ಹೆಚ್ಚಾಗಿ ಹೆಸರಿನಲ್ಲೇ.

ಒಂದು ಉದಾಹರಣೆ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್.' ಎಂದಿದೆ. ಆಧಾರ್‌ನಲ್ಲಿ 'ಮಂಜುನಾಥ್ ಹನುಮಂತಪ್ಪ'. ಜಾತಿ ಪ್ರಮಾಣಪತ್ರದಲ್ಲಿ 'ಮಂಜು ಎಚ್.' ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಮುಂದೆ ಬಂದು 'ಎಚ್. ಮಂಜುನಾಥ'. ಮನೆಯವರಿಗೆ, ಮೇಷ್ಟ್ರಿಗೆ ಇವನು ಒಬ್ಬನೇ ಹುಡುಗ. ಕಂಪ್ಯೂಟರಿಗೆ ನಾಲ್ಕು ಜನ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ 'ನಾಥ್' ಕೊನೆಗೆ ಒಂದು 'ಎ' ಇದೆಯೋ ಇಲ್ಲವೋ ಎನ್ನುವುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಇಂಥವರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದ ಮೂರನ್ನೂ ಅದಕ್ಕೆ ಹೊಂದಿಸಿಕೊಳ್ಳಬೇಕು. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಕೆಲಸ, ಆಧಾರ್ ತಿದ್ದಿಸುವುದು ಸುಲಭ.

ಎಸ್‌ಎಸ್‌ಪಿಯಲ್ಲಿ ಖಾತೆ ತೆರೆಯುವಾಗ ಬರುವ ವಿದ್ಯಾರ್ಥಿ ಐಡಿ ಮತ್ತು ಪಾಸ್‌ವರ್ಡನ್ನು ನೀವೇ ಇಟ್ಟುಕೊಳ್ಳಿ. ಸೈಬರ್ ಸೆಂಟರಿನವರ ಮೊಬೈಲ್ ನಂಬರ್ ಹಾಕಿಸಬೇಡಿ. ಮುಂದಿನ ವರ್ಷ ಆ ಅಂಗಡಿ ಇರುತ್ತದೋ ಇಲ್ಲವೋ, ಓಟಿಪಿ ಮಾತ್ರ ಅಲ್ಲಿಗೇ ಹೋಗುತ್ತಿರುತ್ತದೆ. ಕಾಲೇಜು, ಕೋರ್ಸ್, ವರ್ಷ, ಯುನಿವರ್ಸಿಟಿ ನೋಂದಣಿ ಸಂಖ್ಯೆ ತುಂಬುವಾಗ ಪ್ರವೇಶದ ರಸೀದಿಯನ್ನು ಎದುರಿಗೆ ಇಟ್ಟುಕೊಂಡೇ ತುಂಬಿ. 'ಹಾಸ್ಟೆಲ್‌ನಲ್ಲಿದ್ದೀರಾ?' ಎಂಬ ಪ್ರಶ್ನೆಗೆ ಆತುರದಲ್ಲಿ ತಪ್ಪು ಉತ್ತರ ಒತ್ತಿದರೆ ಮೊತ್ತವೇ ಬದಲಾಗುತ್ತದೆ. ಕೊನೆಗೆ 'ಸಲ್ಲಿಸಿ' ಒತ್ತಿ ಸ್ವೀಕೃತಿ ಪತ್ರದ ಪ್ರಿಂಟ್ ತೆಗೆದುಕೊಳ್ಳುವವರೆಗೆ ಅರ್ಜಿ ಹಾಕಿದಂತಾಗುವುದಿಲ್ಲ. ಎಲ್ಲ ತುಂಬಿ, ಸೇವ್ ಮಾಡಿ, ಮುಗಿಯಿತೆಂದು ಮನೆಗೆ ಹೋದವರ ಅರ್ಜಿ ಕರಡಾಗಿಯೇ ಉಳಿಯುತ್ತದೆ.

ಇ-ದೃಢೀಕರಣ ಅಂದರೇನು? ನಾವೇ ಮಾಡಿಕೊಳ್ಳಬಹುದಾ?

ಇಲ್ಲ, ಅದು ಕಾಲೇಜಿನಲ್ಲೇ ಆಗಬೇಕು. ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಫೀ ರಸೀದಿಯಂಥ ದಾಖಲೆಗಳನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿ ಮೂಲಪ್ರತಿಯೊಂದಿಗೆ ತಾಳೆ ನೋಡಿ ಡಿಜಿಟಲ್ ಸಹಿ ಹಾಕುತ್ತಾರೆ. ಆಮೇಲೆ ಸಿಗುವ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ನೂರಾರು ಮಕ್ಕಳಿಗೆ ಒಬ್ಬರೇ ಅಧಿಕಾರಿ ಇರುವ ಕಾಲೇಜುಗಳೇ ಜಾಸ್ತಿ, ಅವರಿಗೂ ಪಾಠ, ಪರೀಕ್ಷೆಯ ಕೆಲಸ ಇರುತ್ತದೆ. ಕೊನೆಯ ವಾರಕ್ಕೆ ಬಿಡಬೇಡಿ. ಮೂಲ ದಾಖಲೆಗಳನ್ನು ಒಂದು ಫೈಲಿನಲ್ಲಿ ಕ್ರಮವಾಗಿ ಜೋಡಿಸಿಕೊಂಡು ಹೋದರೆ ಐದು ನಿಮಿಷದ ಕೆಲಸ.

ಎಸ್‌ಸಿ ಮಕ್ಕಳಿಗೆ ಎಷ್ಟು ಬರುತ್ತದೆ? ಕಾಲೇಜಿನವರು ಫೀಸ್ ಕಟ್ಟು ಅಂತಾರಲ್ಲ?

ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೇಂದ್ರ ಮತ್ತು ರಾಜ್ಯ 60:40 ಪಾಲಿನಲ್ಲಿ ಹಾಕುವ ಹಣ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಇದನ್ನು ಹೊಸ ರೂಪದಲ್ಲಿ ಒಪ್ಪಿತು. ಮನೆಯ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿಯೊಳಗಿರಬೇಕು. ಇದರಲ್ಲಿ ಎರಡು ಭಾಗ: ಕಾಲೇಜಿನ ಕಡ್ಡಾಯ ಶುಲ್ಕ ಒಂದು, ವರ್ಷಕ್ಕೊಮ್ಮೆ ಕೊಡುವ ಶೈಕ್ಷಣಿಕ ಭತ್ಯೆ ಇನ್ನೊಂದು. 2021ರ ಮಾರ್ಗಸೂಚಿಯ ಪ್ರಕಾರ ಎಂಜಿನಿಯರಿಂಗ್, ಮೆಡಿಕಲ್‌ನಂಥ ಮೊದಲ ಗುಂಪಿನ ಕೋರ್ಸುಗಳಿಗೆ ಹಾಸ್ಟೆಲ್ ವಿದ್ಯಾರ್ಥಿಗೆ 13,500 ರೂಪಾಯಿ, ಮನೆಯಿಂದ ಓಡಾಡುವವರಿಗೆ 7,000. ಬಿಎ, ಬಿಕಾಂ, ಬಿಎಸ್ಸಿ ಸೇರುವ ಮೂರನೆಯ ಗುಂಪಿಗೆ 6,000 ಮತ್ತು 3,000. ಅಂಗವಿಕಲ ಮಕ್ಕಳಿಗೆ ಶೇ. 10 ಜಾಸ್ತಿ.

ಇಲ್ಲೊಂದು ವಿಷಯವನ್ನು ಮಕ್ಕಳಿಗೂ ಮನೆಯವರಿಗೂ ಒತ್ತಿ ಹೇಳುತ್ತೇನೆ. ಶುಲ್ಕದ ಹಣದಲ್ಲಿ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಅದು ಕೈಖರ್ಚಿನ ದುಡ್ಡಲ್ಲ, ಕಾಲೇಜಿಗೆ ಕಟ್ಟಬೇಕಾದ ಫೀಸು. ಖಾತೆಗೆ ಬಿದ್ದ ಕೂಡಲೇ ಕಟ್ಟಿ ರಸೀದಿ ಪಡೆಯಿರಿ. ಮನೆಯಲ್ಲಿ ಕಷ್ಟ ಇದ್ದಾಗ ಆ ದುಡ್ಡು ಬಿತ್ತನೆಗೋ ಆಸ್ಪತ್ರೆಗೋ ಖರ್ಚಾಗಿ, ಕೊನೆಯ ವರ್ಷ ಕಾಲೇಜಿನ ಬಾಕಿ ಒಟ್ಟಿಗೆ ಎದುರಾದಾಗ ಅಳುತ್ತಾ ನಿಂತ ಹುಡುಗಿಯರನ್ನು ನೋಡಿದ್ದೇನೆ. ಅವರ ತಪ್ಪು ಎನ್ನಲಾರೆ, ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ.

ಪ್ರವೇಶದ ಹೊತ್ತಿನಲ್ಲಿ ಪೂರ್ತಿ ಫೀಸ್ ಕೇಳಿದರೆ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಮನವಿ ಕೊಡಿ, ಜೊತೆಗೆ ಎಸ್‌ಎಸ್‌ಪಿ ಸ್ವೀಕೃತಿ ಲಗತ್ತಿಸಿ. ಆಗಲೂ ಒಪ್ಪದಿದ್ದರೆ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯ ಸಹಾಯಕ ನಿರ್ದೇಶಕರನ್ನು ಕಾಣಿ. ಬಾಯಿಮಾತಿಗಿಂತ ಬರೆದು ಕೊಟ್ಟ ಕಾಗದಕ್ಕೆ ಬೆಲೆ.

ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಜನರಲ್ ಮೆರಿಟ್‌ನವರಿಗೆ?

ಪ್ರವರ್ಗ-1, 2ಎ, 3ಎ, 3ಬಿ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಿದ್ಯಾಸಿರಿ (ಇದರ ಬಗ್ಗೆ ಮುಂದಿನ ಪ್ರಶ್ನೆಯಲ್ಲಿ ಹೇಳಿದ್ದೇನೆ) ಇವೆ. ಎಲ್ಲ ವರ್ಗಕ್ಕೂ ಒಂದೇ ಆದಾಯ ಮಿತಿ ಎಂದುಕೊಳ್ಳಬೇಡಿ, ಆ ವರ್ಷದ ಸೂಚನೆ ನೋಡಿ. ಮುಸ್ಲಿಂ, ಕ್ರೈಸ್ತ, ಜೈನ, ಬೌದ್ಧ, ಸಿಖ್, ಪಾರ್ಸಿ ಮಕ್ಕಳು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಅಡಿ ಬರುತ್ತಾರೆ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಗೆ ಸಾಂದೀಪನಿ ಶಿಷ್ಯವೇತನ ಎಂಬ ಯೋಜನೆ ಇದೆ. ಜಾತಿ ಕೇಳದೆ ಅಂಕ ಮತ್ತು ಆದಾಯ ಮಾತ್ರ ನೋಡುವ ಯೋಜನೆಗಳೂ ಕೆಳಗಿವೆ. 'ನಮಗೇನೂ ಇಲ್ಲ' ಎಂದು ಹುಡುಕುವುದನ್ನೇ ಬಿಟ್ಟವರು ಅವನ್ನು ಓದಲಿ.

ಹಾಸ್ಟೆಲ್ ಸೀಟು ಸಿಗಲಿಲ್ಲ. ರೂಮು ಮಾಡಿಕೊಂಡರೆ ಏನಾದರೂ ಬರುತ್ತಾ?

ಅದಕ್ಕೆಂದೇ 2013-14ರ ಸುಮಾರಿಗೆ ವಿದ್ಯಾಸಿರಿ ಶುರುವಾಯಿತು. ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿಯೂ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ಒಟ್ಟು 15,000 ರೂಪಾಯಿ ಕೊಡುವ ಯೋಜನೆಯಾಗಿ ಅದು ಬಂತು. ಹಾಗಾಗಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಮೊದಲು ಹಾಸ್ಟೆಲ್‌ಗೆ ಅರ್ಜಿ ಹಾಕಿ. ಸಿಕ್ಕರೆ ಊಟ, ವಸತಿಯ ಚಿಂತೆಯೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ದೂರದ ಊರಿಂದ ಬರುವ ಮಗುವಿಗೆ ನಗದಿಗಿಂತ ಹಾಸ್ಟೆಲ್ ದೊಡ್ಡ ನೆರವು. ಹಿಂದಿನ ಕಾಲದ ಮೈಸೂರು, ಬೆಂಗಳೂರಿನಲ್ಲಿ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಉಂಡು ಓದಿದರು. ಮುಂದೆ ಸಮುದಾಯಗಳು ವಿದ್ಯಾರ್ಥಿನಿಲಯ ಕಟ್ಟಿದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇಂದಿಗೂ ಸಾವಿರಾರು ಮಕ್ಕಳು ಊಟ, ವಸತಿ ಪಡೆದು ಓದುತ್ತಿದ್ದಾರೆ. ನಿಮ್ಮ ಜಿಲ್ಲೆಯ ಮಠ, ಸಮುದಾಯ, ಟ್ರಸ್ಟ್‌ಗಳ ಹಾಸ್ಟೆಲ್‌ಗಳನ್ನೂ ವಿಚಾರಿಸಿ. ಇವುಗಳ ಸುದ್ದಿ ಯಾವ ಪೋರ್ಟಲ್‌ನಲ್ಲೂ ಸಿಗುವುದಿಲ್ಲ.

ನಮ್ಮದು ರೈತರ ಮನೆ. ಕಟ್ಟಡ ಕೆಲಸಕ್ಕೆ ಹೋಗುವವರ ಮಕ್ಕಳಿಗೂ ಏನೋ ಇದೆಯಂತೆ?

2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ನಿಗದಿಯಾದ ಮೊತ್ತ ಹೀಗಿತ್ತು: ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಬಿಎ, ಬಿಕಾಂ, ಬಿಎಸ್ಸಿಗೆ 5,000 ಮತ್ತು 5,500. ಕಾನೂನು, ನರ್ಸಿಂಗ್, ಫಾರ್ಮಸಿಗೆ 7,500 ಮತ್ತು 8,000. ಎಂಬಿಬಿಎಸ್, ಬಿಇ ಹಾಗೂ ಸ್ನಾತಕೋತ್ತರಕ್ಕೆ 10,000 ಮತ್ತು 11,000. ಇದಕ್ಕೆ ರೈತರ ಫ್ರೂಟ್ಸ್ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ತೊಡಕಾಗುತ್ತದೆ, ಪೌತಿ ಖಾತೆಯ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ) ವಿಚಾರವನ್ನು ಮನೆಯಲ್ಲಿ ಮಾತಾಡಿ. ನಿಮ್ಮ ವರ್ಷಕ್ಕೆ ಈ ನೆರವು ಯಾರಿಗೆಲ್ಲ ಅನ್ವಯ ಎಂಬುದನ್ನು ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ.

ಅಪ್ಪ ಅಥವಾ ಅಮ್ಮನ ಹತ್ತಿರ ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಇದ್ದರೆ ಶೈಕ್ಷಣಿಕ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಕಾರ್ಡಿನ ನವೀಕರಣ ತಪ್ಪಿರಬಾರದು. ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿಯ ನೆರವು ಬೇರೆಯೇ ಇದೆ.

ಎನ್‌ಎಸ್‌ಪಿಯಲ್ಲಿ ನಮಗೆ ಯಾವುದು ಸರಿಹೊಂದುತ್ತದೆ?

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರು ಪಿಎಂ-ಯುಎಸ್‌ಪಿ ಕೇಂದ್ರೀಯ ವಲಯ ವಿದ್ಯಾರ್ಥಿವೇತನವನ್ನು ನೋಡಲೇಬೇಕು. ನಿಮ್ಮ ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದು ಶೇ. 80 ಅಂಕ ಅಲ್ಲ, ನಿಮ್ಮ ವಿಭಾಗದಲ್ಲಿ ಪಾಸಾದ ನೂರು ಜನರಲ್ಲಿ ಮೊದಲ ಇಪ್ಪತ್ತರೊಳಗೆ ಇರಬೇಕು ಎಂದು ಲೆಕ್ಕ. ಮನೆಯ ಆದಾಯ 4.5 ಲಕ್ಷದೊಳಗೆ. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ದೇಶದಲ್ಲಿ ಪ್ರತಿ ವರ್ಷ 82,000 ಹೊಸಬರಿಗೆ ಕೊಡುತ್ತಾರೆ, ಅದರಲ್ಲಿ ಅರ್ಧ ಹುಡುಗಿಯರಿಗೆ. ದೂರಶಿಕ್ಷಣದವರಿಗೆ ಇಲ್ಲ. ಮುಂದಿನ ವರ್ಷಕ್ಕೆ ಮುಂದುವರಿಯಲು ಶೇ. 50 ಅಂಕ, ಶೇ. 75 ಹಾಜರಾತಿ ಬೇಕು.

ಎನ್‌ಎಸ್‌ಪಿಯಲ್ಲಿ ಈಗ ಮೊದಲು ಓಟಿಆರ್ ಎಂಬ ಒಂದೇ ಸಲದ ನೋಂದಣಿ ಆಗಬೇಕು. ಮೊಬೈಲ್‌ನಲ್ಲಿ ಮುಖ ತೋರಿಸಿ ಆಧಾರ್‌ನೊಂದಿಗೆ ದೃಢಪಡಿಸಬೇಕಾಗುತ್ತದೆ, ಬೆಳಕಿರುವ ಕಡೆ ನಿಂತು ಮಾಡಿ. ನಾವು ಅರ್ಜಿ ಹಾಕಿದ ಮೇಲೆ ಕಾಲೇಜಿನವರೂ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಅದಕ್ಕೂ ಕೊನೆಯ ದಿನ ಇರುತ್ತದೆ. ಕಚೇರಿಗೆ ಹೋಗಿ ನೆನಪಿಸುವುದರಲ್ಲಿ ಸಂಕೋಚ ಬೇಡ.

ಹುಡುಗಿಯರಿಗೆ ಪ್ರತ್ಯೇಕವಾಗಿ ಏನಿದೆ?

ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಮಾನ್ಯತೆ ಇರುವ ಕಾಲೇಜಿನಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್‌ಗೆ ಸೇರಿದ ಹೆಣ್ಣುಮಕ್ಕಳಿಗೆ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ, ಗಂಡಾಗಲಿ ಹೆಣ್ಣಾಗಲಿ, ಸಕ್ಷಮ್ ಯೋಜನೆಯಲ್ಲಿ ಅಷ್ಟೇ ಮೊತ್ತ.

ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲೇ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಡಿಗ್ರಿ ಅಥವಾ ಡಿಪ್ಲೊಮಾದ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ್ದು ಇಲ್ಲಿ ಅರ್ಹತೆಯೇ ಆಗುತ್ತದೆ. ನನ್ನ ತರಗತಿಯ ಎಲ್ಲ ಹುಡುಗಿಯರಿಗೂ ಮೊದಲ ದಿನವೇ ಇದನ್ನು ಹೇಳುತ್ತೇನೆ.

ಸಿಇಟಿ ಬರೆದಿದ್ದೇನೆ. ಎಸ್‌ಎನ್‌ಕ್ಯೂ ಸೀಟು ಅಂದರೇನು?

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟುಗಳನ್ನು ಬೋಧನಾ ಶುಲ್ಕವಿಲ್ಲದೆ ಕೊಡುವ ವ್ಯವಸ್ಥೆ ಇದೆ. ಆದಾಯ 8 ಲಕ್ಷದೊಳಗೆ ಇರಬೇಕು, ಹಂಚಿಕೆ ರ‍್ಯಾಂಕ್ ಪ್ರಕಾರ. ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ, ಉಳಿದ ಶುಲ್ಕಗಳನ್ನು ಕಟ್ಟಬೇಕು. ಆಯ್ಕೆ ತುಂಬುವಾಗ ಇದನ್ನು ಬಿಟ್ಟುಬಿಡಬೇಡಿ. ಆದಾಯ ಪ್ರಮಾಣಪತ್ರ ಸಿಇಟಿ ಅರ್ಜಿಯ ಹೊತ್ತಿಗೇ ಕೈಯಲ್ಲಿರಬೇಕು.

ಮ್ಯಾನೇಜ್‌ಮೆಂಟ್ ಸೀಟು ತಗೊಂಡರೂ ಸ್ಕಾಲರ್‌ಶಿಪ್ ಬರುತ್ತದೆ ಅಂತ ಏಜೆಂಟ್ ಹೇಳಿದ…

ನಂಬಬೇಡಿ. ಎಸ್‌ಸಿ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ನಿಯಮದಲ್ಲೂ, ಕೆಳಗೆ ಹೇಳಿರುವ ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲದಲ್ಲೂ ಮ್ಯಾನೇಜ್‌ಮೆಂಟ್ ಕೋಟಾ ಹೊರಗೆ. ದುಡ್ಡಿನ ಅಡಚಣೆ ಇರುವ ಮನೆಯವರು ಹೆಸರುವಾಸಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗಿಂತ ಸಾಧಾರಣ ಕಾಲೇಜಿನ ಮೆರಿಟ್ ಸೀಟನ್ನು ಹಿಡಿಯುವುದೇ ಮೇಲು.

ಎರಡು ಸ್ಕಾಲರ್‌ಶಿಪ್ ತಗೋಬಹುದಾ?

ಅರ್ಜಿ ಎಲ್ಲದಕ್ಕೂ ಹಾಕಿ. ಎರಡೂ ಮಂಜೂರಾದಾಗ ನಿಯಮ ಓದಿ. ಸರ್ಕಾರದ ಎರಡು ಯೋಜನೆಗಳನ್ನು ಒಟ್ಟಿಗೆ ಪಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಪಿಎಂ-ಯುಎಸ್‌ಪಿ ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಖಾಸಗಿ ಟ್ರಸ್ಟ್‌ಗಳಲ್ಲಿ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಮುಚ್ಚಿಟ್ಟು ಎರಡನ್ನೂ ಪಡೆದರೆ ಮುಂದೆ ಹಿಂದಿರುಗಿಸಬೇಕಾಗಿ ಬರಬಹುದು.

ಮಂಜೂರಾಗಿದೆ ಅಂತ ತೋರಿಸುತ್ತದೆ, ಖಾತೆಗೆ ಮಾತ್ರ ದುಡ್ಡು ಬಂದಿಲ್ಲ. ಯಾಕೆ?

ಹಣ ಹೋಗುವುದು ನೀವು ಪಾಸ್‌ಬುಕ್ ತೋರಿಸಿದ ಖಾತೆಗಲ್ಲ. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ. ಎರಡು ಮೂರು ಖಾತೆ ಇದ್ದರೆ ಕೊನೆಗೆ ಯಾವುದಕ್ಕೆ ಜೋಡಿಸಿದ್ದೀರೋ ಅಲ್ಲಿಗೆ.

ಒಬ್ಬ ಹುಡುಗನ ಹಣ ಎಲ್ಲೂ ಕಾಣದೆ ತಿಂಗಳುಗಟ್ಟಲೆ ಹುಡುಕಿದೆವು. ಕೊನೆಗೆ ನೋಡಿದರೆ ಅವನು ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡು ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನೂ ತೆರೆದಿದ್ದ. ಹಣ ಅಲ್ಲಿ ಕ್ಷೇಮವಾಗಿ ಕೂತಿತ್ತು. ಅಂಥ ಖಾತೆ ಇದೆಯೆಂಬುದೇ ಹುಡುಗನಿಗೆ ಗೊತ್ತಿರಲಿಲ್ಲ.

ನೀವೇ ಪರೀಕ್ಷಿಸುವುದು ಸುಲಭ. ಮೈ ಆಧಾರ್ ಜಾಲತಾಣಕ್ಕೆ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿ, ಬ್ಯಾಂಕಿನ ಹೆಸರು ಮತ್ತು 'ಸಕ್ರಿಯ' ಎಂಬುದು ಕಾಣಬೇಕು. ಡಿಬಿಟಿ (ಖಾತೆಗೆ ನೇರ ನಗದು ವರ್ಗಾವಣೆ) ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವ ದಿನ ಯಾವ ಖಾತೆಗೆ ಬಂತೆಂದು ಕಾಣುತ್ತದೆ. ಜೋಡಣೆ ಆಗಿಲ್ಲದಿದ್ದರೆ ಬ್ಯಾಂಕಿಗೆ ಹೋಗಿ 'ಆಧಾರ್ ಲಿಂಕ್ ಮಾಡಿ' ಎನ್ನಬೇಡಿ. 'ಡಿಬಿಟಿಗಾಗಿ ಎನ್‌ಪಿಸಿಐ ಸೀಡಿಂಗ್ ಮಾಡಿ' ಎಂದು ಹೇಳಿ ಅರ್ಜಿ ಕೊಡಿ. ಲಿಂಕ್ ಆಗಿದ್ದೂ ಸೀಡಿಂಗ್ ಆಗದ ಖಾತೆಗಳು ಬೇಕಾದಷ್ಟಿವೆ. ಹೈಸ್ಕೂಲಿನಲ್ಲಿ ತೆರೆದ ಮೈನರ್ ಖಾತೆಯಾಗಿದ್ದರೆ 18 ತುಂಬಿದ ಮೇಲೆ ಕೆವೈಸಿ ಕೊಟ್ಟು ಬದಲಿಸಿಕೊಳ್ಳಬೇಕು, ಇಲ್ಲವಾದರೆ ಖಾತೆ ಸ್ತಬ್ಧವಾಗಿರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಹಣ ತಡವಾಗುವುದುಂಟು. ಫೀಸ್ ಕಟ್ಟುವುದು ಜುಲೈನಲ್ಲಾದರೆ ಹಣ ಬರುವುದು ಮುಂದಿನ ವರ್ಷದ ಆರಂಭಕ್ಕೆ, ಕೆಲವೊಮ್ಮೆ ಇನ್ನೂ ಆಚೆಗೆ. ಮೊದಲ ವರ್ಷದ ಫೀಸಿಗೆ ವಿದ್ಯಾರ್ಥಿವೇತನವನ್ನೇ ನೆಚ್ಚಿಕೊಳ್ಳಬೇಡಿ. ಕಂತಿನಲ್ಲಿ ಕಟ್ಟಲು ಕಾಲೇಜಿಗೆ ಮನವಿ ಕೊಡಿ.

ಬ್ಯಾಂಕ್ ಮ್ಯಾನೇಜರ್ ಜಮೀನು ಪತ್ರ ತಂದರೆ ಮಾತ್ರ ಸಾಲ ಎನ್ನುತ್ತಾರೆ. ಇದು ಸರಿಯಾ?

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಸಾಲ ಖಾತರಿ ನಿಧಿಯ ಬೆಂಬಲ ಇದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ) ಶ್ರೇಯಾಂಕದ ಮೇಲೆ ಆಯ್ದ ಸಂಸ್ಥೆಗಳಿಗೆ (ಆಗ ಸುಮಾರು 860) ಮೆರಿಟ್ ಮೇಲೆ ಸೇರಿದವರಿಗೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ.

ಬಾಯಲ್ಲಿ ಕೇಳಿ ಬಾಯಲ್ಲೇ 'ಇಲ್ಲ' ಎನಿಸಿಕೊಂಡು ವಾಪಸ್ ಬರಬೇಡಿ. ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿದರೆ ದಾಖಲೆ ಉಳಿಯುತ್ತದೆ. ಪ್ರವೇಶ ಪತ್ರ, ವರ್ಷವಾರು ಫೀಸಿನ ಪಟ್ಟಿ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ಯಾನ್ ಜೊತೆಗಿಟ್ಟುಕೊಳ್ಳಿ. ನಿರಾಕರಿಸಿದರೆ ಕಾರಣವನ್ನು ಬರೆದುಕೊಡಲು ಕೇಳಿ. ಬ್ಯಾಂಕಿನ ಮೇಲಿನ ಕಚೇರಿಗೆ ದೂರು ಕೊಟ್ಟು 30 ದಿನದೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ಪರಿಹರಿಸುವ ಅಧಿಕಾರಿ) ಖರ್ಚಿಲ್ಲದೆ ದೂರು ಕೊಡಬಹುದು. ಅಪ್ಪನ ಹಳೆಯ ಬೆಳೆಸಾಲ ಸುಸ್ತಿಯಾಗಿದ್ದರೆ ಬ್ಯಾಂಕಿನವರು ಹಿಂಜರಿಯುತ್ತಾರೆ. ಆಗ ಅಮ್ಮನನ್ನು ಸಹ-ಸಾಲಗಾರರಾಗಿ ಮಾಡಲು ಬರುತ್ತದೆಯೇ ಎಂದು ಕೇಳಿ ನೋಡಿ.

ಓದುವಾಗ ಬಡ್ಡಿ ಬೀಳುತ್ತದಾ? ಲೆಕ್ಕ ಬಿಡಿಸಿ ಹೇಳಿ.

ಬೀಳುತ್ತದೆ. ಕೋರ್ಸ್ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಕೂಡುತ್ತಾ ಹೋಗುತ್ತದೆ. ನಾಲ್ಕು ವರ್ಷದ ಕೋರ್ಸಿಗೆ ವರ್ಷದ ಆರಂಭದಲ್ಲಿ ಒಂದೊಂದು ಲಕ್ಷದಂತೆ ಸಾಲ ಪಡೆದಿರಿ, ಬಡ್ಡಿ ಶೇ. 10 ಎಂದುಕೊಳ್ಳೋಣ. ಮೊದಲ ವರ್ಷ 10,000, ಎರಡನೆಯದು 20,000, ಮೂರನೆಯದು 30,000, ನಾಲ್ಕನೆಯದು 40,000, ಕೆಲಸ ಹುಡುಕುವ ವರ್ಷ ಇನ್ನೊಂದು 40,000. ಬಡ್ಡಿಯೇ 1.4 ಲಕ್ಷವಾಗಿ ಸಾಲ 5.4 ಲಕ್ಷಕ್ಕೆ ಏರುತ್ತದೆ. ಹತ್ತು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 7,100. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಬಂದಿದ್ದರೆ ಅದು 5,300ರ ಆಸುಪಾಸಿಗೆ ನಿಲ್ಲುತ್ತದೆ. ಮೊದಲ ವರ್ಷದ ಬಡ್ಡಿ ತಿಂಗಳಿಗೆ ಸಾವಿರ ರೂಪಾಯಿಯೂ ಆಗುವುದಿಲ್ಲ, ಆದಷ್ಟು ಕಟ್ಟಲು ನೋಡಿ.

ಆದಾಯ 4.5 ಲಕ್ಷದೊಳಗಿನ ಮನೆಯ ಮಕ್ಕಳು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ, ತಾಂತ್ರಿಕ ಕೋರ್ಸ್ ಓದುತ್ತಿದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ ಇದೆ. 8 ಲಕ್ಷದವರೆಗಿನವರಿಗೆ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ಬಡ್ಡಿ ಸಹಾಯಧನ ಹಂಚುವ ನೋಡಲ್ ಬ್ಯಾಂಕ್ ನಮ್ಮ ಕೆನರಾ ಬ್ಯಾಂಕ್. ಆದರೂ ನಿಮ್ಮ ಹೆಸರನ್ನು ಕಳಿಸಬೇಕಾದದ್ದು ನೀವು ಸಾಲ ಪಡೆದ ಶಾಖೆಯೇ. ಆದಾಯ ಪ್ರಮಾಣಪತ್ರ ಕೊಟ್ಟು, 'ಬಡ್ಡಿ ಸಹಾಯಧನಕ್ಕೆ ನನ್ನ ಹೆಸರು ಸೇರಿಸಿದ್ದೀರಾ?' ಎಂದು ಪ್ರತಿ ವರ್ಷ ಕೇಳಿ.

ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಂಥವು ಅರಿವು ಯೋಜನೆಯಲ್ಲಿ ವೃತ್ತಿಪರ ಕೋರ್ಸುಗಳಿಗೆ ಶೇ. 2ರ ಬಡ್ಡಿಯಲ್ಲಿ ಸಾಲ ಕೊಡುತ್ತವೆ. ಬ್ಯಾಂಕಿಗೆ ಹೋಗುವ ಮೊದಲು ಅಲ್ಲಿ ವಿಚಾರಿಸಿ.

ಫೀಸ್ ಬಾಕಿ ಇದೆ ಅಂತ ಕಾಲೇಜಿನವರು ಮೂಲ ಅಂಕಪಟ್ಟಿ ಇಟ್ಟುಕೊಂಡಿದ್ದಾರೆ.

ಮೂಲ ದಾಖಲೆಗಳನ್ನು ಪ್ರವೇಶದ ಹೊತ್ತಿನಲ್ಲಿ ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಸೂಚನೆ ಹೊರಡಿಸಿದೆ. ಅದನ್ನು ಉಲ್ಲೇಖಿಸಿ ಪ್ರಾಂಶುಪಾಲರಿಗೆ ಬರೆಯಿರಿ, ಒಂದು ಪ್ರತಿಯನ್ನು ವಿಶ್ವವಿದ್ಯಾಲಯದ ಕುಲಸಚಿವರಿಗೆ ಕಳಿಸಿ.

'ನಿಮಗೆ ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ' ಅಂತ ಫೋನ್ ಬಂತು.

ಮೋಸ. ಯಾವ ಇಲಾಖೆಯೂ ಫೋನಿನಲ್ಲಿ ಓಟಿಪಿ ಕೇಳುವುದಿಲ್ಲ, ವಿದ್ಯಾರ್ಥಿವೇತನ ಬಿಡುಗಡೆಗೆ ಶುಲ್ಕವನ್ನೂ ಕೇಳುವುದಿಲ್ಲ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಂದು ಸಬ್ಜೆಕ್ಟ್ ಹೋಗಿದೆ. ಮುಂದಿನ ವರ್ಷ ಅರ್ಜಿ ಹಾಕಬಹುದಾ?

ಮುಂದಿನ ವರ್ಷಕ್ಕೆ ಬಡ್ತಿ ಸಿಕ್ಕಿದ್ದರೆ ಅರ್ಜಿ ಹಾಕಿ ನೋಡಿ, ನಿಯಮ ಯೋಜನೆಯಿಂದ ಯೋಜನೆಗೆ ಬೇರೆ. ಬಾರದೆಂದು ನೀವೇ ತೀರ್ಮಾನಿಸಿ ಸುಮ್ಮನಾಗಬೇಡಿ. ಒಮ್ಮೆ ಹಾಕಿದ ಅರ್ಜಿ ಕೋರ್ಸ್ ಮುಗಿಯುವವರೆಗೆ ನಡೆಯುತ್ತದೆ ಎಂದು ತಿಳಿದವರೂ ಇದ್ದಾರೆ. ಹಾಗಿಲ್ಲ, ಪ್ರತಿ ವರ್ಷ ನವೀಕರಿಸಬೇಕು.

ಅರ್ಜಿ ತಿರಸ್ಕಾರವಾಗಿದೆ. ಇನ್ನು ಮುಗಿಯಿತಾ?

ಇಲ್ಲ. ಲಾಗಿನ್ ಆಗಿ ಕಾರಣ ಓದಿ. ಹೆಸರು, ಆರ್‌ಡಿ ಸಂಖ್ಯೆ ಹೊಂದದಿರುವುದು, ಕೋರ್ಸ್ ತಪ್ಪಾಗಿರುವುದು, ಕಾಲೇಜಿನ ಹಂತದಲ್ಲೇ ನಿಂತಿರುವುದು ಇಂಥವೇ ಜಾಸ್ತಿ. ಕಾಲೇಜಿನಲ್ಲಿ ನಿಂತಿದ್ದರೆ ಕಚೇರಿಯಲ್ಲಿ ಕೇಳಿ. ಇಲಾಖೆಯಲ್ಲಿ ನಿಂತಿದ್ದರೆ ನಿಮ್ಮ ವರ್ಗಕ್ಕೆ ಸಂಬಂಧಿಸಿದ ತಾಲ್ಲೂಕು ಅಥವಾ ಜಿಲ್ಲಾ ಕಚೇರಿಗೆ ಸ್ವೀಕೃತಿ ಪತ್ರ, ಆಧಾರ್, ಪ್ರಮಾಣಪತ್ರಗಳ ಪ್ರತಿ ತೆಗೆದುಕೊಂಡು ಹೋಗಿ, ಮನವಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಕೊನೆಯ ದಿನಾಂಕ ಮುಂದಕ್ಕೆ ಹೋಗುವುದೂ ಉಂಟು, ಕಾಲೇಜಿನ ನೋಟಿಸ್ ಬೋರ್ಡ್ ನೋಡುತ್ತಿರಿ. ಅಪ್ಪ, ಅಮ್ಮ ಒಂದು ದಿನದ ಕೂಲಿ ಬಿಟ್ಟು ಬರಬೇಕಾಗಿಲ್ಲ, ವಿದ್ಯಾರ್ಥಿಯೇ ಹೋಗಿ ಮಾತಾಡಬಹುದು. ಒಬ್ಬರೇ ಹೋಗಲು ಅಳುಕಾದರೆ ಅದೇ ತೊಂದರೆ ಇರುವ ನಾಲ್ಕು ಗೆಳೆಯರನ್ನು ಕೂಡಿಸಿಕೊಂಡು ಹೋಗಿ.